ಎರಡು ಬೆರಳಿನ ತೀರ್ಪು

ಹಲ್ಲು ಕೊರೆಯುವ ಯಂತ್ರದ ಸದ್ದಿಗೇ ಅರ್ಧ ಜನ ಹೆದರಿ ಸಾಯುತ್ತಾರೆ, ಹೊರಗೆ ಕಾಯುವವರಿಗೆ ಒಂದಿಷ್ಟು ಹಾಡು ಗೀಡು ಹಾಕಿದರೆ ಒಳ್ಳೆಯದು ಎಂದು ಡಾಕ್ಟರಿಗೆ ಹೇಳಿದವಳು ಅವರ ಹೆಂಡತಿಯೇ. ಹಾಗೆ ಹೇಳಿದ್ದಕ್ಕೆ ಆಮೇಲೆ ಅವಳು ತನ್ನನ್ನು ತಾನೇ ಎಷ್ಟು ಶಪಿಸಿಕೊಂಡಳೋ ಲೆಕ್ಕವಿಲ್ಲ. ಅವಳ ಮನಸ್ಸಿನಲ್ಲಿದ್ದದ್ದು ಒಂದು ಸಾಧಾರಣ ರೇಡಿಯೋ. ಗೋಡೆಗೆ ಮೊಳೆ ಹೊಡೆದು ನೇತುಹಾಕಿದರೆ ಮುಗಿಯಿತು. ಅಂಗಡಿಗೆ ಹೋದ ಡಾಕ್ಟರು ತಂದದ್ದು ಅಂಗೈಯಗಲದ ಒಂದು ಪ್ಲೇಯರು. ಅಗಲವೇನೋ ಅಂಗೈಯದು, ಭಾರ ಮಾತ್ರ ಅರ್ಧ ಇಟ್ಟಿಗೆಯದು. ಜೊತೆಗೆ ಕಿವಿಯ ಮೇಲೆ ಬಟ್ಟಲು ಕವುಚಿದಂತೆ ಕೂರುವ ಹೆಡ್‌ಫೋನು. ಮರುವಾರ ಮತ್ತೆ ಹೋಗಿ ಒಂದು ಆಂಪ್ಲಿಫೈಯರು, ಅವರ ಬಾಯಲ್ಲಿ ಆಂಪು, ತಂದರು. ಆ ಹೆಡ್‌ಫೋನಿಗೆ ಹಸಿವು ಜಾಸ್ತಿಯಂತೆ. ಪ್ಲೇಯರು ಬಡಿಸಿದ್ದು ಅದಕ್ಕೆ ಯಾತಕ್ಕೂ ಸಾಲದಂತೆ. ನಡುವೆ ಈ ಪೆಟ್ಟಿಗೆ ಇಟ್ಟರೆ ಹೊಟ್ಟೆ ತುಂಬುತ್ತದಂತೆ. ಅಂಗಡಿಯವನು ಹೇಳಿಕೊಟ್ಟದ್ದನ್ನು ಡಾಕ್ಟರು ಪಾಠ ಒಪ್ಪಿಸುವ ಹುಡುಗನ ಹಾಗೆ ಒಪ್ಪಿಸಿದರು. ಬಾಯಲ್ಲಿ ಹಲ್ಲೇ ಇಲ್ಲದ್ದಕ್ಕೆ ಇಷ್ಟು ಹಸಿವೇ ಎಂದು ಅವಳು ಕೇಳಿದಾಗ ಅವರು ನಗಲಿಲ್ಲ. ಅವಳು ಎಚ್ಚರಗೊಳ್ಳಬೇಕಾಗಿದ್ದದ್ದು ಆಗಲೇ.

ಕಾಗದ ಪೆನ್ನಿನ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಅವರ ಕ್ಲಿನಿಕ್ಕು. ಮೆಟ್ಟಿಲು ಹತ್ತಿ ಬಂದರೆ ಗೋಡೆಗೊರಗಿದ ಬೆಂಚು, ಅದರ ಎದುರು ಅವಳ ಮೇಜು ಮತ್ತು ಫೋನು, ಅವಳ ಬೆನ್ನ ಹಿಂದೆ ಗಾಜಿನ ಬಾಗಿಲು, ಒಳಗೆ ಡಾಕ್ಟರು. ಅವರ ಕೈ ಹಗುರ ಎಂದು ಬೀದಿಯೆಲ್ಲ ಹೇಳುತ್ತಿತ್ತು. ಸೂಜಿ ಚುಚ್ಚಿದ್ದು ಸೂಜಿಗೂ ಗೊತ್ತಾಗುವುದಿಲ್ಲ ಎಂದು ಒಬ್ಬ ದರ್ಜಿ ಹೊಗಳಿದ್ದ. ಇಂಥ ಮನುಷ್ಯ ಬರಿಯ ಒಂದು ಮಾತಿಗೆ ಕೆಟ್ಟುಹೋದದ್ದೇ ಸೋಜಿಗ. ಆ ಮಾತು ಆಡಿದವನು ಅವಳ ಅಣ್ಣ.

ಅಣ್ಣನದು ಎರಡು ಬೀದಿ ಆಚೆ ಪರದೆ ಬಟ್ಟೆಯ ಅಂಗಡಿ. ನೆಲದಿಂದ ಸೂರಿನವರೆಗೆ ದಪ್ಪ ಬಟ್ಟೆಯ ಸುರುಳಿಗಳು; ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಬೀದಿಯ ಬಸ್ಸುಗಳೆಲ್ಲ ಸತ್ತುಹೋದವೇನೋ ಅನ್ನುವಷ್ಟು ಸದ್ದಡಗುತ್ತಿತ್ತು. ಆ ನಿಶ್ಶಬ್ದದಲ್ಲಿ ಕೂತು ಕೂತು ಅವನಿಗೆ ಈ ಹುಚ್ಚು ಭಾವನಿಗಿಂತ ಎಷ್ಟೋ ಮೊದಲೇ ಹಿಡಿದಿತ್ತು. ಹೊಸ ಪ್ಲೇಯರು ನೋಡಲೆಂದು ಬಂದವನು ಅದನ್ನು ಕೈಯಲ್ಲಿ ತೂಗಿದ, ಬೆನ್ನು ತಿರುಗಿಸಿ ನೋಡಿದ, ಕಿವಿಗಿಟ್ಟು ಅರೆಗಳಿಗೆ ಕೇಳಿ ಮೇಜಿನ ಮೇಲಿಟ್ಟ. "ಪರವಾಗಿಲ್ಲ ಭಾವ," ಅಂದ. "ಶುರುಮಾಡೋರಿಗೆ ಸಾಕು."

ಅಷ್ಟೇ. ಡಾಕ್ಟರು ಅಂದು ಸಂಜೆ ಊಟಕ್ಕೆ ಕೂತಾಗಲೂ 'ಶುರುಮಾಡೋರಿಗೆ' ಎಂದು ತಮ್ಮಷ್ಟಕ್ಕೆ ಗೊಣಗಿಕೊಂಡದ್ದು ಅವಳಿಗೆ ಕೇಳಿಸಿತು.

ಅಲ್ಲಿಂದ ಇಬ್ಬರಿಗೂ ಹಟ ಬಿತ್ತು. ಇವರೊಂದು ಹೊಸ ಆಂಪು ತಂದರೆ ಅವನೊಂದು ತಂದ. ಅವನು ಬೆಳ್ಳಿಯ ತಂತಿಯ ಕೇಬಲ್ಲು ಹಾಕಿಸಿದರೆ ಇವರು ಅದಕ್ಕಿಂತ ದಪ್ಪನೆಯದನ್ನು ಹಾಕಿಸಿದರು. ಭಾನುವಾರ ಬಂತೆಂದರೆ ನಡುಮನೆಯ ಮೇಜಿನ ಮೇಲೆ ಎರಡು ಕಡೆಯ ಸರಂಜಾಮು ಹರಡಿಕೊಳ್ಳುತ್ತಿತ್ತು. ಇವರು ಅವನನ್ನು ಭಾವ ಅನ್ನುವರು, ಅವನು ಇವರನ್ನು ಭಾವ ಅನ್ನುವನು. ಪಕ್ಕದ ಕೋಣೆಯಿಂದ ಕೇಳಿದರೆ ಯಾರು ಯಾರಿಗೆ ಅನ್ನುತ್ತಿದ್ದಾರೆಂದು ತಿಳಿಯುತ್ತಿರಲಿಲ್ಲ, ತಿಳಿದೂ ಪ್ರಯೋಜನವಿರಲಿಲ್ಲ. ನಿಮ್ಮದು ಕತ್ತಲೆ ಕತ್ತಲೆ ಎಂದು ಒಬ್ಬ. ನಿಮ್ಮದರಲ್ಲಿ ಗಾಳಿಯೇ ಆಡುವುದಿಲ್ಲ ಎಂದು ಇನ್ನೊಬ್ಬ. ನನ್ನದು ಎಷ್ಟು ಬೆಚ್ಚಗಿದೆ, ಎಷ್ಟು ವಿಶಾಲ ನೋಡಿ ಎಂದು ಮತ್ತೆ ಮೊದಲನೆಯವ. ಚಹಾ ತಂದಿಟ್ಟ ಅವಳು ಒಮ್ಮೆ ತಡೆಯಲಾರದೆ, "ಏನ್ರೀ, ಬಾಡಿಗೆಗೆ ಮನೆ ನೋಡ್ತಿದ್ದೀರಾ?" ಎಂದು ಕೇಳಿದಳು. ಇಬ್ಬರೂ ಅವಳತ್ತ ಒಂದೇ ಬಗೆಯ ಕನಿಕರದಿಂದ ನೋಡಿದರು. ಅವರು ಒಂದಾದದ್ದು ಆ ದಿನ ಅದೊಂದೇ ವಿಷಯದಲ್ಲಿ.

ಅವಳನ್ನು ಹೆಚ್ಚು ಕಾಡಿದ್ದು ಬೇರೆಯೇ. ಇಷ್ಟೆಲ್ಲ ಸಲಕರಣೆ ಸೇರಿಸಿಕೊಂಡ ಈ ಇಬ್ಬರು ಒಂದು ಹಾಡನ್ನಾದರೂ ಪೂರ್ತಿ ಕೇಳಿದ್ದನ್ನು ಅವಳು ಕಾಣಲಿಲ್ಲ. ಯಾವುದೋ ಧ್ವನಿಮುದ್ರಿಕೆಯಲ್ಲಿ ವಾದ್ಯದವನು ಕೂತ ಕುರ್ಚಿ ಒಂದು ಕಡೆ ಕಿರ್ರೆನ್ನುತ್ತದಂತೆ. ಆ ಕಿರ್ರು ಯಾರ ಯಂತ್ರದಲ್ಲಿ ಚೆನ್ನಾಗಿ ಕೇಳುತ್ತದೆ ಎಂಬುದೇ ಜಗಳ. ಹಾಡು ಶುರುವಾಗಿ ಕುರ್ಚಿ ಕಿರ್ರೆಂದ ಕೂಡಲೇ ನಿಲ್ಲಿಸಿ ಮತ್ತೆ ಮೊದಲಿಂದ ಹಾಕುವರು. ಹಾಡಿದವಳು ಏನು ಹಾಡಿದ್ದಳು ಎಂಬುದು ಆ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ.

ಭಾನುವಾರದ ಜಗಳದಲ್ಲಿ ತೀರ್ಪು ಹೇಳುವವರು ಯಾರೂ ಇರಲಿಲ್ಲ. ಡಾಕ್ಟರಿಗೆ ಅದಕ್ಕೊಂದು ದಾರಿ ಹೊಳೆಯಿತು. ತೀರ್ಪುಗಾರರು ದಿನಾ ಮೆಟ್ಟಿಲು ಹತ್ತಿ ತಾವಾಗಿ ಬರುತ್ತಿದ್ದರಲ್ಲ. ಕುರ್ಚಿಯಲ್ಲಿ ಒರಗಿದ ರೋಗಿಯ ಕಿವಿಗೆ ಮೊದಲು ಒಂದು ಆಂಪು, ಆಮೇಲೆ ಇನ್ನೊಂದು. ಮೊದಲನೆಯದು ಚೆನ್ನಾಗಿದ್ದರೆ ಒಂದು ಬೆರಳು, ಎರಡನೆಯದಾದರೆ ಎರಡು ಬೆರಳು. ಬಾಯಿ ತೆರೆದು, ಹತ್ತಿ ತುಂಬಿಸಿಕೊಂಡು, ಮೂಗಿನ ಎದುರು ಕೊರೆಯುವ ಸೂಜಿ ಕಾಣುತ್ತಿರುವ ಮನುಷ್ಯ ಯಾವ ಬೆರಳು ಬೇಕಾದರೂ ಎತ್ತಬಲ್ಲ. ನಿವೃತ್ತ ಬಸ್ ಕಂಡಕ್ಟರೊಬ್ಬರು ನೋವಿಗೆ ಐದೂ ಬೆರಳು ಅಗಲಿಸಿ ಕೈಯೆತ್ತಿದ್ದನ್ನು, ಅವರು ಎರಡನೆಯದನ್ನು ಮೆಚ್ಚಿದ ಪರಿ ಎಂದು ಡಾಕ್ಟರು ಗಾಜಿನ ಬಾಗಿಲಿಂದ ಹೊರಗೆ ಬಂದು ಹೆಂಡತಿಗೆ ವರ್ಣಿಸಿದರು. ಕಂಡಕ್ಟರು ಕೆನ್ನೆ ಹಿಡಿದುಕೊಂಡು ಅವಳ ಮೇಜಿಗೆ ಬಂದವರು ಕೇಳಿದ್ದು ಒಂದೇ: ಮುಂದಿನ ಸಲ ಬರುವಾಗ ಪರೀಕ್ಷೆಗೆ ಏನಾದರೂ ಓದಿಕೊಂಡು ಬರಬೇಕೇ.

ಈ ಹುಚ್ಚಿನವರೆಲ್ಲ ಕಲೆಯುವ ಒಂದು ವೆಬ್‌ಸೈಟಿತ್ತು. ಅಲ್ಲಿ ಡಾಕ್ಟರು 'ಶ್ರವಣಮಿತ್ರ', ಅಣ್ಣ 'ಸೂಕ್ಷ್ಮಕರ್ಣ'. ರೋಗಿಗಳ ತೀರ್ಪನ್ನು ಶ್ರವಣಮಿತ್ರರು ಅಲ್ಲಿ ಬರೆಯತೊಡಗಿದ ಮೇಲೆ ಅವರ ಹೆಸರು ಏರಿತು. ಇದು ವಿಜ್ಞಾನ, ಉಳಿದವರದ್ದೆಲ್ಲ ಬಾಯಿಮಾತು ಎಂದು ಜನ ಕೊಂಡಾಡಿದರು. ಸೂಕ್ಷ್ಮಕರ್ಣನಿಗೆ ಹೊಟ್ಟೆ ಉರಿಯದೆ ಇನ್ನೇನು? ಅರ್ಧ ಮುಖ ಮರಗಟ್ಟಿದವರ ಸಾಕ್ಷಿಗೆ ಬೆಲೆ ಏನು ಎಂದು ಅವನು ಅಲ್ಲಿ ಒಂದು ಸಲ, ತಂಗಿಯ ಮನೆಯಲ್ಲಿ ಹತ್ತು ಸಲ ಕೇಳಿದ.

ಹೀಗಿರುವಾಗ ಅಣ್ಣನಿಗೆ ಹಲ್ಲುನೋವು ಬಂತು.

ಬಂದದ್ದನ್ನು ಅವನು ಯಾರಿಗೂ ಹೇಳಲಿಲ್ಲ. ಹೇಳಿದರೆ ಭಾವನ ಕುರ್ಚಿಯಲ್ಲಿ ಕೂರಬೇಕು, ಕೂತರೆ ಭಾವನ ಆಂಪು ಕೇಳಬೇಕು. ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ಒಂದೇ ದವಡೆಯಲ್ಲಿ ಮೆಲ್ಲುವುದನ್ನು ಅವಳು ನೋಡಿದಳು, ಕೇಳಿದರೆ ಹಸಿವಿಲ್ಲ ಅಂದ. ಕೊನೆಗೆ ಎಡಗೆನ್ನೆ ಊದಿ ಕಣ್ಣು ಸಣ್ಣದಾದಾಗ ಅವಳೇ ಅಂಗಡಿಗೆ ಹೋಗಿ, ಗಿರಾಕಿಗಳ ಎದುರೇ ಅವನ ತೋಳು ಹಿಡಿದು ಎಬ್ಬಿಸಿದಳು. ಬಂದೇನು, ಆದರೆ ನನ್ನ ಯಂತ್ರವೂ ಬರುತ್ತದೆ ಎಂದ ಅಣ್ಣ. ಚರ್ಮದ ಚೀಲದಲ್ಲಿ ಅದನ್ನು ಕಂಕುಳಲ್ಲಿ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಕೆನ್ನೆ ಹಿಡಿದುಕೊಂಡು ಎರಡು ಬೀದಿ ನಡೆದು ಬಂದ.

ಡಾಕ್ಟರ ಮುಖ ಅರಳಿದ್ದು ಕಂಡು ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅವರು ಕೆನ್ನೆಯನ್ನು ನೋಡುವ ಮೊದಲು ಚೀಲವನ್ನು ನೋಡಿದರು. ಆದರೂ ಎಕ್ಸ್‌ರೇ ತೆಗೆದರು, ಸರಿಯಾಗಿಯೇ ನೋಡಿದರು. ಮೇಲಿನ ಎಡಗಡೆಯಲ್ಲಿ ಪಕ್ಕಪಕ್ಕದ ಎರಡು ದವಡೆ ಹಲ್ಲುಗಳಲ್ಲಿ ಮುಂದಿನದು ಬೇರಿನವರೆಗೂ ಹುಳುಕು, ಅದನ್ನು ಕೀಳಲೇಬೇಕು. ಹಿಂದಿನದು ಕಲ್ಲಿನ ಹಾಗಿದೆ ಎಂದು ಅವಳಿಗೂ ತೋರಿಸಿದರು. ಆ ದಿನ ನರ್ಸು ರಜೆ ಹಾಕಿದ್ದರಿಂದ ಹತ್ತಿ ಗಿತ್ತಿ ಎತ್ತಿಕೊಡಲು ಅವಳೇ ಒಳಗೆ ನಿಂತಳು.

ಇಂಜೆಕ್ಷನ್ ಕೊಟ್ಟು ದವಡೆ ಮರಗಟ್ಟುವವರೆಗೆ ಕಾಯುವ ಹೊತ್ತಿನಲ್ಲಿ ಒಪ್ಪಂದವಾಯಿತು. ಒಂದು ಬೆರಳು ಅಣ್ಣನ ಯಂತ್ರಕ್ಕೆ, ಎರಡು ಬೆರಳು ಡಾಕ್ಟರ ಯಂತ್ರಕ್ಕೆ. ಮೋಸವಾಗಬಾರದೆಂದು ಡಾಕ್ಟರೂ ಒಂದು ಹೆಡ್‌ಫೋನು ಹಾಕಿಕೊಂಡು, ಅದೇ ಹಾಡನ್ನು ಜೊತೆಗೇ ಕೇಳುವುದು. ಅವರ ಆಂಪಿಗೆ ಅಲುಗಾಡದ ಸಮತಟ್ಟು ಜಾಗ ಬೇಕು. ಅಂಥದ್ದು ಆ ಕೋಣೆಯಲ್ಲಿ ಇದ್ದದ್ದು ಎಕ್ಸ್‌ರೇ ನೋಡುವ ಬೆಳಕಿನ ಹಲಗೆಯೊಂದೇ. ಎಕ್ಸ್‌ರೇ ಇನ್ನೂ ಅದರ ಮೇಲೆಯೇ ಇತ್ತು. ಆಂಪನ್ನು ಅದರ ಮೇಲೆ ಹೇರಿದರು.

ಹಾಡಿನೊಳಗಿನ ಕುರ್ಚಿ ಕಿರ್ರೆಂದಿತು, ನಿಲ್ಲಿಸಿದರು, ಕೇಬಲ್ಲು ಬದಲಿಸಿದರು, ಮತ್ತೆ ಕಿರ್ರೆಂದಿತು. ಪ್ರತಿ ಸಲವೂ ಡಾಕ್ಟರು ಮುಖಗವಸಿನ ಮೇಲಿಂದ ಹುಬ್ಬೆತ್ತಿ ಕೇಳುವರು, ಅಣ್ಣ ಒಂದು ಬೆರಳೆತ್ತುವನು. ಮತ್ತೊಂದು ಸಲ, ಮತ್ತೆ ಒಂದೇ ಬೆರಳು. ಡಾಕ್ಟರು ಬೆವೆತರು. ಅವಳು ಗಡಿಯಾರ ನೋಡಿ, ಮರಗಟ್ಟಿದ್ದು ಬಿಟ್ಟೀತು, ಮೊದಲು ಹಲ್ಲು ಕೀಳಿ ಎಂದು ಕೈಸನ್ನೆ ಮಾಡಿದಳು. ಡಾಕ್ಟರು ತಮ್ಮ ಯಂತ್ರವನ್ನೇ ಹಾಡಲು ಬಿಟ್ಟು, ಹೆಡ್‌ಫೋನು ತೆಗೆಯದೆಯೇ ಇಕ್ಕಳ ಎತ್ತಿಕೊಂಡರು.

ಬಾಯಿಯ ತುಂಬ ಹತ್ತಿ, ಎಕ್ಸ್‌ರೇ ಆಂಪಿನ ಅಡಿಯಲ್ಲಿ. ಅವರು ಇಕ್ಕಳದ ತುದಿಯಿಂದ ಒಂದು ಹಲ್ಲನ್ನು ತಟ್ಟಿ, ಪಕ್ಕದ್ದನ್ನು ತಟ್ಟಿ, ಕಿವಿ ಮುಚ್ಚಿಕೊಂಡವರು ಮಾತಾಡುವಂತೆ ಗಟ್ಟಿಯಾಗಿ ಕೇಳಿದರು: "ಇದಾ ಭಾವ, ಪಕ್ಕದ್ದಾ?"

ತಟ್ಟಿದ್ದು ತಿಳಿಯಲು ಅಣ್ಣನ ದವಡೆಗೆ ಜೀವವಿರಲಿಲ್ಲ, ಕೇಳಿಸಲು ಕಿವಿ ಖಾಲಿಯಿರಲಿಲ್ಲ. ಅವನಿಗೆ ಕಂಡದ್ದು ಮತ್ತೊಮ್ಮೆ ಎದ್ದ ಹುಬ್ಬು ಮಾತ್ರ. ಆಗ ಅವನ ಮುಖದಲ್ಲಿ ಏನೋ ಒಂದು ಸಡಿಲವಾದದ್ದನ್ನು ಅವಳು ಕಂಡಳು. ಹಟ ಬಿಟ್ಟ ಮುಖ ಅದು. ಚಿಕ್ಕಂದಿನಲ್ಲಿ ತನ್ನ ಪಾಲಿನ ತಿಂಡಿಯನ್ನು ತಂಗಿಗೆ ದೂಡುವ ಮುನ್ನ ಅವನು ಹೀಗೆಯೇ ಮುಖ ಮಾಡುತ್ತಿದ್ದ. ಅವನು ಕಣ್ಣು ಮುಚ್ಚಿ, ನಿಧಾನವಾಗಿ, ಎರಡು ಬೆರಳೆತ್ತಿದ.

ಡಾಕ್ಟರು ಎರಡನೆಯದನ್ನು ಹಿಡಿದು ಅಲ್ಲಾಡಿಸಿದರು. ಬರಲು ಅದು ಸುಲಭಕ್ಕೆ ಒಪ್ಪಲಿಲ್ಲ. ಬಂದಾಗ ಇಕ್ಕಳದ ಬಾಯಲ್ಲಿ ಮೂರು ಬೇರಿನ, ಎಲ್ಲೂ ಕಲೆಯಿಲ್ಲದ, ಗಟ್ಟಿಮುಟ್ಟಾದ ಹಲ್ಲು. ಅವರು ಅದನ್ನು ದೀಪಕ್ಕೆ ಹಿಡಿದರು. ಮುಖಗವಸಿನ ಮೇಲಿನ ಅಷ್ಟು ಚೂರು ಮುಖ ಹತ್ತಿಯಂತೆ ಬಿಳಿಚಿತು. ಹೆಂಡತಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಆ ಹಲ್ಲು ಅವಳಿಗೆ ಗೊತ್ತಿದ್ದ ಹಲ್ಲು. ಮನೆಯಲ್ಲಿ ಯಾರಿಗೂ ಒಡೆಯಲಾಗದ ಬಾದಾಮಿ ಕಾಯಿಯನ್ನು ಅಣ್ಣ ಅದರಲ್ಲೇ ಕಟಕ್ಕೆಂದು ಒಡೆದು ತಿರುಳನ್ನು ಅವಳ ಅಂಗೈಗೆ ಹಾಕುತ್ತಿದ್ದ.

ಡಾಕ್ಟರು ಹೆಡ್‌ಫೋನು ತೆಗೆದರು, ಅವನದನ್ನೂ ತೆಗೆದರು. ತಪ್ಪು ಹಲ್ಲು ಬಂದುಬಿಟ್ಟಿದೆ ಎಂದು ಹೇಳಿದರು. ಅಣ್ಣ ನಾಲಗೆಯಿಂದ ತಡವಿ ನೋಡಿಕೊಂಡ. ಇನ್ನು ಕೂಗಾಟ ಶುರುವಾಗುತ್ತದೆ ಎಂದು ಅವಳು ಗಾಜಿನ ಬಾಗಿಲು ಮುಚ್ಚಲು ಹೋದಳು. ಶುರುವಾದದ್ದು ಬೇರೆ.

"ನೀವು ಎರಡು ಬೆರಳು ಎತ್ತಿದ್ರಿ ಭಾವ," ಎಂದರು ಡಾಕ್ಟರು. ಹೇಳುತ್ತಾ ಹೇಳುತ್ತಾ ಅವರಿಗೆ ಏನೋ ಹೊಳೆದಂತಾಯಿತು. "ಹಲ್ಲಿಗಲ್ಲ ಅಲ್ವಾ? ನನ್ನ ಮಾತು ನಿಮಗೆ ಕೇಳ್ಸೇ ಇಲ್ಲ. ನೀವು ಎತ್ತಿದ್ದು ನನ್ನ ಆಂಪಿಗೆ."

ಅಣ್ಣನ ಅರ್ಧ ತುಟಿ ನಿದ್ದೆ ಮಾಡುತ್ತಿತ್ತು. ಉಳಿದರ್ಧದಲ್ಲಿ ಅವನು ಅಷ್ಟೇ ಸ್ಪಷ್ಟವಾಗಿ ಹೇಳಿದ: "ಹಲ್ಲಿಗೇ ಎತ್ತಿದ್ದು. ಎರಡನೇದು ಅಂತ ನಾನೇ ತೋರ್ಸಿದ್ದು. ತಪ್ಪು ನಂದು."

"ಇಲ್ಲ ಇಲ್ಲ, ತಪ್ಪು ಪೂರ್ತಿ ನಂದು."

"ನಿಮ್ಮದೇನೂ ಇಲ್ಲ ಭಾವ, ನಂದೇ."

ಬಾಗಿಲ ಹೊರಗಿನ ಬೆಂಚಿನಲ್ಲಿದ್ದವರಿಗೆ ಎಂಥ ದೊಡ್ಡ ಮನಸ್ಸಿನ ಭಾವಂದಿರು ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಒಳಗೆ ಇಬ್ಬರೂ ಕೆಂಪಗಾಗಿದ್ದರು. ಒಳ್ಳೆಯ ಹಲ್ಲನ್ನು ಕೀಳಿಸಿಕೊಂಡ ದಡ್ಡ ಅನ್ನಿಸಿಕೊಂಡರೂ ಸರಿ, ಭಾವನ ಆಂಪು ಮೇಲು ಎಂದು ಒಪ್ಪಲಾರೆ ಎಂದು ಅಣ್ಣ. ಕೈಗೆ ಕೆಟ್ಟ ಹೆಸರು ಬಂದರೂ ಸರಿ, ಗೆದ್ದ ಆಂಪನ್ನು ಬಿಡಲಾರೆ ಎಂದು ಡಾಕ್ಟರು. ತಪ್ಪು ನನ್ನದೇ ಎಂದು ಬೇಕಾದರೆ ಬರೆದುಕೊಡುತ್ತೇನೆ ಎಂದ ಅವನು. ಬೇಕಾದರೆ ನನ್ನ ಮೇಲೆ ದೂರು ಕೊಡಿ, ಸಾಕ್ಷಿ ಹೇಳಲು ನಾನೇ ಬರುತ್ತೇನೆ ಎಂದರು ಇವರು. ಹಲ್ಲು ತಟ್ಟೆಯಲ್ಲಿ ಬಿದ್ದಿತ್ತು, ಅದರ ಕಡೆ ಇಬ್ಬರೂ ನೋಡಲಿಲ್ಲ.

ಅವಳು ಎರಡೂ ಹೆಡ್‌ಫೋನನ್ನು ಕಿತ್ತುಕೊಂಡು ಕೈ ತೊಳೆಯುವ ತೊಟ್ಟಿಯೊಳಗೆ ಹಾಕಿದಳು.

"ಹುಳುಕು ಹಲ್ಲು ಇನ್ನೂ ಬಾಯಲ್ಲೇ ಇದೆ," ಎಂದಳು. "ಅದಕ್ಕೂ ಬೆರಳು ಎತ್ತಬೇಕಾ?"

ಆಮೇಲಿನ ಕೆಲಸ ಸದ್ದಿಲ್ಲದೆ ನಡೆಯಿತು. ಡಾಕ್ಟರು ಆಂಪನ್ನು ಎತ್ತಿ ನೆಲದ ಮೇಲಿಟ್ಟು, ಎಕ್ಸ್‌ರೇಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಅವಳಿಗೂ ತೋರಿಸಿ, ಸರಿಯಾದ ಹಲ್ಲನ್ನು ತೆಗೆದರು. ಆಗ ಮತ್ತೆ ಅವರ ಕೈ ಹಗುರವಾಗಿತ್ತು. ಒಂದರ ಪಕ್ಕ ಒಂದು ಎರಡು ಹಲ್ಲು ಕಳೆದುಕೊಂಡ ಅಣ್ಣ ಚೀಲವನ್ನು ಕಂಕುಳಿಗೆ ಸೇರಿಸಿಕೊಂಡು ಮೆಟ್ಟಿಲಿಳಿದ. ತಂಗಿಯ ಮುಖ ನೋಡಲಿಲ್ಲ. ಗಾಯ ಮಾಗಿದ ಮೇಲೆ ಎರಡೂ ಹಲ್ಲನ್ನು ತಮ್ಮ ಖರ್ಚಿನಲ್ಲೇ ಕಟ್ಟಿಕೊಡುವುದಾಗಿ ಡಾಕ್ಟರು ಹಿಂದಿನಿಂದ ಕೂಗಿ ಹೇಳಿದರು. ಕೇಳಿಸಿತೋ ಇಲ್ಲವೋ.

ಇಷ್ಟಕ್ಕೆ ಬುದ್ಧಿ ಬಂದೀತು ಎಂದು ಅವಳು ನಂಬಿದ್ದಳು. ಡಾಕ್ಟರು ಎರಡು ದಿನ ಸಪ್ಪಗಿದ್ದರು. ಮೂರನೆಯ ದಿನ ಎಲ್ಲವನ್ನೂ ವೆಬ್‌ಸೈಟಿನಲ್ಲಿ ಬರೆದರು. ಎದುರಾಳಿಯೇ ಎರಡು ಬೆರಳೆತ್ತಿದ್ದು, ತಾವು ಗೊಂದಲದಲ್ಲಿ ಒಳ್ಳೆಯ ಹಲ್ಲು ಕಿತ್ತದ್ದು, ಏನನ್ನೂ ಮುಚ್ಚಿಡಲಿಲ್ಲ. ಮುಚ್ಚಿಟ್ಟರೆ ತೀರ್ಪು ಉಳಿಯುತ್ತಿರಲಿಲ್ಲ. ಓದಿದವರು ಥೂ ಅನ್ನುತ್ತಾರೆ ಎಂದು ಅವಳು ಪರದೆಯ ಮೇಲೆ ಕಣ್ಣಿಟ್ಟು ಕಾದಳು. ಹಲ್ಲಿನ ವಿಷಯ ಒಬ್ಬರೂ ಎತ್ತಲಿಲ್ಲ. ಮೊದಲನೆಯವನು ಯಾವ ಕೇಬಲ್ಲು ಎಂದು ಕೇಳಿದ್ದ. ಎರಡನೆಯವನು ಬ್ಯಾಟರಿ ತುಂಬಿತ್ತೇ ಎಂದು.

ಅಣ್ಣ ಉತ್ತರ ಬರೆಯದೆ ಬಿಟ್ಟಾನೆಯೇ? ಸೂಕ್ಷ್ಮಕರ್ಣ ತೀರ್ಪನ್ನು ತಳ್ಳಿಹಾಕಿದ. ಆದರೆ ಜೊತೆಗೆ ಇನ್ನೊಂದು ಮಾತು ಸೇರಿಸಿದ: ದವಡೆ ಹಲ್ಲು ಹೋದಂದಿನಿಂದ ಎಡಗಿವಿಯಲ್ಲಿ ಏನೋ ಬಿಚ್ಚಿಕೊಂಡಂತಾಗಿದೆ, ಕುರ್ಚಿಯ ಕಿರ್ರಿನ ಹಿಂದೆ ಇನ್ನೊಂದು ಸಣ್ಣ ಕಿರ್ರು ಕೇಳುತ್ತಿದೆ. ಭಾವನ ಆಂಪನ್ನು ಹೊಗಳದೆ ಒಳ್ಳೆಯ ಹಲ್ಲಿಗೇ ಬೆರಳೆತ್ತಿದ್ದಕ್ಕೆ ಒಂದು ಸಮಜಾಯಿಷಿ ಬೇಕಿತ್ತು, ಅದಕ್ಕೆ ಹುಟ್ಟಿಸಿದ ಮಾತು ಅದು ಎಂದು ತಂಗಿಗೆ ಓದಿದ ಕೂಡಲೇ ತಿಳಿಯಿತು. ಬೇರೆ ಯಾರಿಗೂ ತಿಳಿಯಲಿಲ್ಲ. ಹಲ್ಲು ಇದ್ದರೆ ಶಬ್ದ ಎಲುಬಿನಲ್ಲಿ ಕಟ್ಟಿಕೊಳ್ಳುತ್ತದೆ ಎಂದು ಒಬ್ಬ, ಮೇಲಿನ ಹಲ್ಲೋ ಕೆಳಗಿನದೋ ಎಂದು ಇನ್ನೊಬ್ಬ. ಚರ್ಚೆ ವಾರಗಟ್ಟಲೆ ನಡೆಯಿತು. ಸೂಕ್ಷ್ಮಕರ್ಣನ ಹೆಸರು ಶ್ರವಣಮಿತ್ರರನ್ನು ದಾಟಿ ಮೇಲೆ ಹೋಯಿತು. ಜನ ಹುಡುಕಿಕೊಂಡು ಅವನ ಅಂಗಡಿಗೇ ಬಂದರು. ಅವಳು ಒಂದು ಮಧ್ಯಾಹ್ನ ಹೋದಾಗ, ಕಿಟಕಿಯ ಅಳತೆ ಹಿಡಿದುಕೊಂಡು ಬಂದ ಗಂಡ ಹೆಂಡಿರು ಬಾಗಿಲಲ್ಲೇ ಕಾಯುತ್ತಿದ್ದರು. ಅಣ್ಣ ಒಳಗೆ ಬಟ್ಟೆಯ ಸುರುಳಿಗಳ ನಡುವೆ ಕೂತು, ಬಾಯಿ ಅಗಲಿಸಿ, ಇಬ್ಬರು ಅಪರಿಚಿತರಿಗೆ ಟಾರ್ಚಿನ ಬೆಳಕಲ್ಲಿ ಹಲ್ಲಿಲ್ಲದ ಜಾಗ ತೋರಿಸುತ್ತಿದ್ದ. ಹಲ್ಲು ಕಟ್ಟಿಸಿಕೊಳ್ಳಲು ಯಾವಾಗ ಬರುತ್ತೀಯಾ ಎಂದು ಅವಳು ಕೇಳಿದಳು. ಅವಸರವೇನಿದೆ ಎಂದ.

ಆ ಫೋನು ಬಂದದ್ದು ಅದರ ಮರುದಿನ, ಕ್ಲಿನಿಕ್ಕು ತೆರೆದ ಸ್ವಲ್ಪ ಹೊತ್ತಿಗೆ. ಮೃದುವಾದ, ಓದಿದವರ ದನಿ. ಮೇಲಿನ ಎಡಗಡೆಯ ದವಡೆ ಹಲ್ಲನ್ನು ತೆಗೆಸಬೇಕು, ಯಾವ ದಿನ ಬರಲಿ ಎಂದು ಕೇಳಿತು. ನೋವು ಎಷ್ಟು ದಿನದಿಂದ ಎಂದು ಅವಳು ಕೇಳಿದಳು. ನೋವೇನೂ ಇಲ್ಲವಂತೆ. ಹಲ್ಲು ಚೆನ್ನಾಗಿಯೇ ಇದೆಯಂತೆ.

"ಬೇರೆ ಎಲ್ಲಾ ಮಾಡಿ ನೋಡಾಯ್ತು ಮೇಡಂ," ಎಂದಿತು ದನಿ. "ಆಂಪು ಬದಲಾಯಿಸ್ದೆ, ಪ್ಲೇಯರು ಬದಲಾಯಿಸ್ದೆ. ಇನ್ನು ಉಳಿದಿರೋದು ಇದೊಂದೇ."

ಅವಳು ಫೋನಿನ ಬಾಯಿಗೆ ಅಂಗೈ ಅಡ್ಡ ಹಿಡಿದು, ಗಾಜಿನ ಬಾಗಿಲು ತಳ್ಳಿ, ಒಳಗೆ ಕೈ ತೊಳೆಯುತ್ತಿದ್ದ ಗಂಡನಿಗೆ ಕೇಳಿದ್ದನ್ನು ಕೇಳಿದ ಹಾಗೆ ಹೇಳಿದಳು. ಡಾಕ್ಟರಾಗಲು ಅವರಿಗೊಂದು ಅವಕಾಶ ಕೊಡಬೇಕು ಎಂದು ಅವಳಿಗನಿಸಿತು. ಅವರು ನಲ್ಲಿ ನಿಲ್ಲಿಸಿದರು. ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡರು. ಅವರು ನಿಜವಾಗಿಯೂ ಯೋಚಿಸುತ್ತಿದ್ದರು.

"ಅವರ ಹತ್ರ ಯಾವ ಆಂಪು ಇದೆಯಂತೆ?" ಎಂದು ಕೇಳಿದರು.

ಅವಳು ಬಾಗಿಲು ಬಿಟ್ಟು ಮೇಜಿಗೆ ಬಂದಳು. ಅಂಗೈ ತೆಗೆದು, ಡಾಕ್ಟರಿಗೇ ಹುಷಾರಿಲ್ಲ, ಯಾವಾಗ ವಾಸಿಯಾಗುತ್ತದೋ ಹೇಳಲು ಬರುವುದಿಲ್ಲ, ಇರುವ ಹಲ್ಲಿನಲ್ಲೇ ಏನಾದರೂ ಅಗಿದು ತಿನ್ನಿ ಎಂದು ಹೇಳಿ ಫೋನು ಇಟ್ಟಳು. ಬೆಂಚಿನ ಮೇಲೆ ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು ಒಬ್ಬಾಕೆ ಕೂತಿದ್ದಳು. ಅವಳಿಗೆ ನಿಜಕ್ಕೂ ನೋಯುತ್ತಿತ್ತು, ಕಣ್ಣಲ್ಲಿ ನೀರಿತ್ತು. ಡಾಕ್ಟರ ಹೆಂಡತಿ ಆಕೆಯ ತೋಳು ಹಿಡಿದು ಎಬ್ಬಿಸಿ ಒಳಗೆ ಕರೆದೊಯ್ದಳು. ಆಕೆಯನ್ನು ಕುರ್ಚಿಯಲ್ಲಿ ಕೂರಿಸಿದಳು. ಆಮೇಲೆ ಹೊರಗೆ ಹೋಗಲಿಲ್ಲ. ಸ್ಟೂಲು ಎಳೆದುಕೊಂಡು ಗಂಡನ ಮೊಣಕೈಯ ಪಕ್ಕದಲ್ಲೇ ಕೂತಳು.